ಮಗುವಿನ ಇಸುಬು: ಮೈಗೆ ಹಚ್ಚಿದ್ದೇನು, ಬಾಯಿಗೆ ಕೊಟ್ಟಿದ್ದೇನು?

ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕೆನ್ನೆ ಕೆಂಪಾಗುತ್ತದೆ. ಮೊದಲು ಚಳಿಗೆ ಒಡೆದದ್ದು ಎಂದುಕೊಳ್ಳುತ್ತಾರೆ. ವಾರ ಕಳೆದರೆ ಕೆನ್ನೆ ಒರಟಾಗಿ, ನೀರೊಸರಿ, ಹಣೆಗೂ ಕಿವಿಯ ಹಿಂದಕ್ಕೂ ಹರಡುತ್ತದೆ. ರಾತ್ರಿ ಮಗು ನಿದ್ರೆ ಮಾಡುವುದಿಲ್ಲ, ತಲೆಯನ್ನು ಹಾಸಿಗೆಗೆ ಉಜ್ಜುತ್ತದೆ. ಅಜ್ಜಿ "ಇಸುಬು" ಎನ್ನುತ್ತಾರೆ. ಪಕ್ಕದ ಮನೆಯ ಮಲಯಾಳಿ ಅಮ್ಮ "ಕರಪ್ಪನ್" ಎನ್ನುತ್ತಾರೆ. ಔಷಧಿ ಅಂಗಡಿಯವ "ಅಲರ್ಜಿ" ಎಂದು ಒಂದು ಟ್ಯೂಬು ಕೊಡುತ್ತಾನೆ. ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುವುದು "ಎಟಾಪಿಕ್ ಡರ್ಮಟೈಟಿಸ್". ಹೆಸರು ನಾಲ್ಕು, ಕಾಯಿಲೆ ಮಾತ್ರ ಒಂದೇ.

ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಇದರ ನಂತರ ನಡೆಯುವುದು ಹೆಚ್ಚು ಕಡಿಮೆ ಒಂದೇ ರೀತಿ. ಮಗುವಿಗೆ ಮೊಟ್ಟೆ ನಿಲ್ಲುತ್ತದೆ. ಹಾಲು ನಿಲ್ಲುತ್ತದೆ. ಮೀನು, ನೆಲಗಡಲೆ, ಬದನೆ, ಹಲಸು ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಹಾಲೂಡಿಸುವ ತಾಯಿಗೂ ಪಥ್ಯ. ಅದೇ ಹೊತ್ತಿಗೆ ಮಗುವಿನ ಮೈಗೆ ಮಾತ್ರ ಒಂದೊಂದಾಗಿ ಏರುತ್ತಾ ಹೋಗುತ್ತವೆ: ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಎಣ್ಣೆ, ಮೂರು ಬಗೆಯ ತೈಲ, ಯಾರೋ ಗಲ್ಫಿನಿಂದ ತಂದ ಕ್ರೀಮು. ಕಳೆದ ಇಪ್ಪತ್ತು ವರ್ಷಗಳಲ್ಲಿ ವೈದ್ಯಶಾಸ್ತ್ರ ಕಂಡುಕೊಂಡದ್ದನ್ನು ನೋಡಿದರೆ ನಾವು ಮಾಡುತ್ತಿರುವುದು ಬಹುತೇಕ ತಲೆಕೆಳಗು. ಬಾಯಿಗೆ ಹೋಗಬೇಕಾದ್ದು ಚರ್ಮಕ್ಕೆ ಹೋಗುತ್ತಿದೆ. ಚರ್ಮಕ್ಕೆ ಬೇಕಾದ್ದು ಸಿಗುತ್ತಿಲ್ಲ.

ಬೇಲಿ ಮುರಿದ ತೋಟ

ಇಸುಬು ರಕ್ತ ಕೆಟ್ಟು ಬರುವುದಲ್ಲ, ಹೊಟ್ಟೆಯ ನಂಜು ಹೊರಬರುವುದೂ ಅಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ. ಕಜ್ಜಿ ಬೇರೆ, ಗಜಕರ್ಣ ಬೇರೆ, ಅವು ಹರಡುತ್ತವೆ. ಮನೆಯ ಮೂರ್ನಾಲ್ಕು ಮಂದಿಗೆ ಒಟ್ಟಿಗೆ ರಾತ್ರಿ ತುರಿಕೆ ಇದ್ದರೆ ಅದು ಕಜ್ಜಿಯೇ ಇರಬಹುದು, ವೈದ್ಯರಿಗೆ ತೋರಿಸಬೇಕು. ಇಸುಬಿನ ಮಗುವನ್ನು ಮಾತ್ರ ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ನಮ್ಮ ಚರ್ಮದ ಹೊರಪದರ ಕೆಂಪುಕಲ್ಲಿನ ಗೋಡೆಯಂತೆ. ಕಲ್ಲುಗಳ ನಡುವೆ ಗಾರೆ ಇದ್ದರೆ ಒಳಗಿನ ತೇವ ಹೊರಹೋಗುವುದಿಲ್ಲ, ಹೊರಗಿನ ಧೂಳು ಒಳಬರುವುದಿಲ್ಲ. ಈ ಪದರವನ್ನು ಕಟ್ಟುವುದರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನಿಗೆ ದೊಡ್ಡ ಪಾತ್ರವಿದೆ. ಹುಟ್ಟಿನಿಂದಲೇ ಕೆಲವರಿಗೆ ಇದು ಕಡಿಮೆ ಇರುತ್ತದೆ, ಅಂಥವರಿಗೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2006ರಲ್ಲಿ ತೋರಿಸಿಕೊಟ್ಟರು. ಗಾರೆ ಉದುರಿದ ಗೋಡೆಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ತೇವ ಆರಿ ಚರ್ಮ ಒಣಗುತ್ತದೆ, ಒಣಗಿದ್ದು ತುರಿಸುತ್ತದೆ, ತುರಿಸಿದ್ದು ಒಡೆಯುತ್ತದೆ, ಒಡೆದಲ್ಲಿಂದ ಸೋಪು, ಧೂಳು, ರೋಗಾಣು ಎಲ್ಲ ಒಳಗೆ. ತಂದೆಗೋ ತಾಯಿಗೋ ದಮ್ಮು, ಸದಾ ಸೀನು, ಇಸುಬು ಇದ್ದರೆ ಮಗುವಿಗೂ ಬರುವ ಸಾಧ್ಯತೆ ಜಾಸ್ತಿ. ಹಾಗೆಂದು ತಾಯಿ ಬಸುರಿಯಲ್ಲಿ ಏನೋ ತಿಂದಳು ಎಂದು ಅವಳನ್ನು ದೂರುವುದಕ್ಕೆ ಯಾವ ಆಧಾರವೂ ಇಲ್ಲ. ನಮ್ಮ ಮನೆಗಳಲ್ಲಿ ಇದು ಬಹಳ ನಡೆಯುತ್ತದೆ, ಅದಕ್ಕೇ ಹೇಳಬೇಕಾಯಿತು.

ಹಸುಗೂಸಿಗೆ ಕೆನ್ನೆ, ತಲೆ, ಕೈಕಾಲಿನ ಹೊರಮೈಯಲ್ಲಿ ಬರುತ್ತದೆ. ನಡೆಯಲು ಕಲಿತ ಮೇಲೆ ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಮಣಿಕಟ್ಟು, ಕುತ್ತಿಗೆಗೆ ಇಳಿಯುತ್ತದೆ. ಬಹಳಷ್ಟು ಮಕ್ಕಳಲ್ಲಿ ಶಾಲೆಗೆ ಹೋಗುವ ಪ್ರಾಯದಲ್ಲಿ ತಗ್ಗುತ್ತಾ ಬರುತ್ತದೆ, ಕೆಲವರಲ್ಲಿ ಉಳಿಯುತ್ತದೆ.

ಎರಡು ಬಗೆಯ ಅಲರ್ಜಿ

"ಅಲರ್ಜಿ" ಎಂಬ ಒಂದೇ ಶಬ್ದ ಕನ್ನಡದಲ್ಲೂ ಮಲಯಾಳದಲ್ಲೂ ಬಳಕೆಯಲ್ಲಿದೆ. ಆದರೆ ಕ್ರೀಮಿನ ಅಲರ್ಜಿ ಮತ್ತು ಆಹಾರದ ಅಲರ್ಜಿ ಎರಡೂ ಬೇರೆ ಬೇರೆ ದಾರಿಯವು. ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಮುಗಿದಂತೆ.

ಮೊದಲನೆಯದಕ್ಕೆ ನಮ್ಮೂರಲ್ಲೇ ಒಳ್ಳೆಯ ಉದಾಹರಣೆಯಿದೆ. ಮಲಯಾಳದಲ್ಲಿ ಚೇರ್ ಎನ್ನುವ, ಕನ್ನಡದಲ್ಲಿ ಹೊಲಗೇರು ಎನ್ನುವ ಮರ. ಅದರ ಸೊನೆ ತಗಲಿದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮುಖ ಮೈಯೆಲ್ಲ ಉಬ್ಬಿ ಬೊಬ್ಬೆಗಳೇಳುತ್ತವೆ. ಅದೂ ತಗಲಿದ ಕೂಡಲೇ ಅಲ್ಲ, ಒಂದೆರಡು ದಿನ ಕಳೆದು! ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ಕೂಡ ಅದೇ ಕುಟುಂಬದವು. ಕ್ರೀಮಿನ ಅಲರ್ಜಿಯೂ ಹೀಗೆಯೇ ತಡವಾಗಿ ಬರುತ್ತದೆ, ತಗಲಿದ ಜಾಗದಲ್ಲೇ ಹೆಚ್ಚಾಗಿ ಕಾಣಿಸುತ್ತದೆ, ಮತ್ತು ಇಸುಬಿನ ಹಾಗೆಯೇ ಕಾಣುತ್ತದೆ. ತಾಯಂದಿರು ಮೋಸ ಹೋಗುವುದು ಇಲ್ಲೇ. ಇಸುಬು ಜಾಸ್ತಿಯಾಯಿತೆಂದು ಅದೇ ಕ್ರೀಮನ್ನು ಇನ್ನಷ್ಟು ಹಚ್ಚುತ್ತಾರೆ.

ಆಹಾರದ ಅಲರ್ಜಿ ಹಾಗಲ್ಲ. ತಿಂದ ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ತಿಳಿಯುತ್ತದೆ. ತುಟಿ ಊದುವುದು, ಮೈಯಲ್ಲಿ ದದ್ದು ಏಳುವುದು, ವಾಂತಿ, ಕೆಮ್ಮು, ಉಬ್ಬಸ. ಮಗು ಮೊಟ್ಟೆ ತಿಂದು ನಾಲ್ಕು ದಿನ ಕಳೆದು ಮೊಣಕೈ ತುರಿಸಿದರೆ ಅದಕ್ಕೆ ಮೊಟ್ಟೆಯನ್ನು ದೂರುವುದು ಕಷ್ಟ. ತೀವ್ರ ಇಸುಬಿರುವ ಕೆಲವು ಕೂಸುಗಳಲ್ಲಿ ಆಹಾರವು ಇಸುಬನ್ನು ನಿಧಾನವಾಗಿ ಕೆರಳಿಸುವುದುಂಟು. ಆದರೆ ಅದನ್ನು ಮನೆಯವರು ಊಹೆಯಿಂದ ತೀರ್ಮಾನಿಸಲು ಸಾಧ್ಯವಿಲ್ಲ. ಇಸುಬು ತನ್ನಷ್ಟಕ್ಕೇ ಏರುವ, ಇಳಿಯುವ ಕಾಯಿಲೆ. ಏರಿದ ದಿನದ ಹಿಂದಿನ ರಾತ್ರಿ ಏನಾದರೊಂದು ತಿಂದೇ ಇರುತ್ತದೆ ಮಗು.

ಇನ್ನು ಅಲರ್ಜಿಯೇ ಅಲ್ಲದವು ಕೆಲವು. ಟೊಮೆಟೊ, ಹುಣಸೆ, ಅನಾನಸು ತಿಂದಾಗ ಬಾಯಿಯ ಸುತ್ತ ಕೆಂಪಾಗುವುದು ಹುಳಿ ತಗಲಿದ ಉರಿ ಮಾತ್ರ. ಊಟಕ್ಕೆ ಮೊದಲು ಬಾಯಿಯ ಸುತ್ತ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು. ಬಂಗುಡೆಯದೂ ಒಂದು ಕತೆಯಿದೆ. ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಕುಳಿತ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ದದ್ದು ಏಳುತ್ತದೆ. ಮನೆಮಂದಿಗೆಲ್ಲ ಹಾಗಾಯಿತೆಂದರೆ ತಪ್ಪು ಮಗುವಿನ ಮೈಯದ್ದಲ್ಲ, ಮೀನಿನದ್ದು!

ಚರ್ಮದ ಮೂಲಕ ಹುಟ್ಟುವ ಆಹಾರ ಅಲರ್ಜಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ರೀಮು ಮತ್ತು ಆಹಾರ ಬೇರೆ ಬೇರೆ ಎಂದೆವಷ್ಟೆ. ಆದರೆ ಇವೆರಡೂ ಒಂದು ಕಡೆ ಸೇರುತ್ತವೆ.

ಬ್ರಿಟನ್ನಿನಲ್ಲಿ ಹುಟ್ಟಿನಿಂದ ಗಮನಿಸುತ್ತಾ ಬಂದ ಸುಮಾರು 14,000 ಮಕ್ಕಳ ಅಧ್ಯಯನದ ಫಲಿತಾಂಶ 2003ರಲ್ಲಿ ಹೊರಬಂತು. ನೆಲಗಡಲೆಯ ಅಲರ್ಜಿ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಹಸುಗೂಸಾಗಿದ್ದಾಗ ಇಸುಬಿತ್ತು, ಮತ್ತು ಅದಕ್ಕೆ ನೆಲಗಡಲೆ ಎಣ್ಣೆ ಬೆರೆಸಿದ ಕ್ರೀಮು ಹಚ್ಚಿದ್ದು ಇತರರಿಗಿಂತ ಹೆಚ್ಚಾಗಿ ಕಂಡುಬಂತು. ತಾಯಿ ಬಸುರಿಯಲ್ಲಿ ನೆಲಗಡಲೆ ತಿಂದದ್ದಕ್ಕೂ ಅಲರ್ಜಿಗೂ ಸಂಬಂಧ ಕಾಣಲಿಲ್ಲ. ಅಂದರೆ ಒಡೆದ ಚರ್ಮದ ಮೂಲಕ ಒಳಹೋದ ಆಹಾರವನ್ನು ಮೈ ಶತ್ರುವೆಂದು ಗುರುತಿಸುತ್ತದೆ. ಅದೇ ಆಹಾರ ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ಮಿತ್ರನೆಂದು ಒಪ್ಪಿಕೊಳ್ಳುತ್ತದೆ. ಅಪರಿಚಿತ ಹೆಬ್ಬಾಗಿಲಲ್ಲಿ ಬಂದರೆ ನೆಂಟ, ಬೇಲಿ ಹಾರಿ ಬಂದರೆ ಕಳ್ಳ ಎಂದ ಹಾಗೆ.

ಇದು ಬರಿಯ ಊಹೆಯಲ್ಲ ಎನ್ನುವುದಕ್ಕೆ ಜಪಾನಿನ ಘಟನೆ ಸಾಕ್ಷಿ. ಅಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಸೇರಿಸಿದ ಒಂದು ಮುಖ ತೊಳೆಯುವ ಸೋಪು ಬಹಳ ಜನಪ್ರಿಯವಾಗಿತ್ತು. ಅದುವರೆಗೆ ಬ್ರೆಡ್ಡು, ನೂಡಲ್ಸು ಆರಾಮವಾಗಿ ತಿನ್ನುತ್ತಿದ್ದ ಹೆಂಗಸರಿಗೆ ಗೋಧಿ ತಿಂದರೆ ಮುಖ ಊದುವುದು, ಉಸಿರು ಕಟ್ಟುವುದು ಶುರುವಾಯಿತು. 2011ರಲ್ಲಿ ಸೋಪನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ತೊಂದರೆಗೆ ಒಳಗಾಗಿದ್ದರು. ಆಸ್ಟ್ರೇಲಿಯಾದಲ್ಲಿ ಆಡಿನ ಹಾಲಿನ ಕ್ರೀಮನ್ನು ಇಸುಬಿಗೆ ಹಚ್ಚಿಕೊಂಡವರಿಗೆ ಅನಂತರ ಆಡಿನ ಹಾಲಿನ ಗಿಣ್ಣು ತಿಂದು ತೀವ್ರ ಅಲರ್ಜಿಯಾದದ್ದೂ ವರದಿಯಾಗಿದೆ.

ಹಾಗಾದರೆ ನಮ್ಮ ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಎಣ್ಣೆ? ಸರಿಯಾದ ಚರ್ಮದ ಮಗುವಿಗೆ ಹೆಸರುಹಿಟ್ಟು ತಿಕ್ಕಿ ಮೀಯಿಸುವುದು ತಲೆತಲಾಂತರದಿಂದ ನಡೆದುಬಂದಿದೆ, ಅದರ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ಒಡೆದ, ನೀರೊಸರುವ ಚರ್ಮಕ್ಕೆ ಆಹಾರದ ಹಿಟ್ಟು, ಹಾಲು, ಬೀಜದ ಎಣ್ಣೆ ಹಾಕುವುದು ಬೇಡ. ಹಿಟ್ಟು ತಿಕ್ಕುವಾಗ ಚರ್ಮ ಇನ್ನೂ ಉಜ್ಜಿ ಹೋಗುತ್ತದೆ ಎನ್ನುವುದು ಬೇರೆ ಮಾತು.

ಇದರ ಇನ್ನೊಂದು ಮುಖವೇ ಬಾಯಿಯದ್ದು. 1998ರಲ್ಲಿ ಬ್ರಿಟನ್, 2000ದಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ, ಅಲರ್ಜಿಯ ಹಿನ್ನೆಲೆಯ ಮನೆಗಳ ಮಕ್ಕಳಿಗೆ ಮೂರು ವರ್ಷದವರೆಗೆ ನೆಲಗಡಲೆ ಕೊಡಬೇಡಿ ಎಂದು ಸಲಹೆ ನೀಡಿದ್ದವು. ಕೊಡದೆ ಇದ್ದುದರಿಂದ ಅಲರ್ಜಿ ಕಡಿಮೆಯಾಗಲಿಲ್ಲ. ಅಮೆರಿಕದ ಸಂಘ ಆ ಸಲಹೆಯನ್ನು 2008ರಲ್ಲಿ ಕೈಬಿಟ್ಟಿತು. ಲಂಡನ್ನಿನಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ನೆಲಗಡಲೆ ಪೂರ್ತಿ ನಿಷೇಧ, ಇನ್ನೊಂದಕ್ಕೆ ವಾರಕ್ಕೆ ಮೂರು ಬಾರಿಯಾದರೂ ನೆಲಗಡಲೆಯ ತಿನಿಸು ಕೊಡಲಾಯಿತು. ಮೊದಲೇ ಪರೀಕ್ಷೆ ಮಾಡಿ, ಆಗಲೇ ಬಲವಾದ ಅಲರ್ಜಿ ಕಂಡ ಕೂಸುಗಳನ್ನು ಹೊರಗಿಡಲಾಗಿತ್ತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಐದು ವರ್ಷ ತುಂಬಿದಾಗ ನೆಲಗಡಲೆ ತಿನ್ನದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ನೂರಕ್ಕೆ 3 ಮಾತ್ರ! ಜಪಾನಿನಲ್ಲಿ ಇಸುಬನ್ನು ಮೊದಲು ಮದ್ದು ಹಚ್ಚಿ ಹತೋಟಿಗೆ ತಂದು, ಆರು ತಿಂಗಳಿನಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಚಿಟಿಕೆಯಷ್ಟು ಕೊಟ್ಟು ನೋಡಿದರು. 2017ರ ಆ ವರದಿಯಲ್ಲೂ ಮೊಟ್ಟೆಯ ಅಲರ್ಜಿ ಬಹಳ ತಗ್ಗಿತ್ತು.

ಕೇರಳದ ಅಂಗನವಾಡಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಕೊಡುವ ಅಮೃತಂ ಪುಡಿ ಎಲ್ಲರಿಗೂ ಗೊತ್ತು. ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯ ನೆರವಿನಿಂದ ರೂಪುಗೊಂಡು ಕುಟುಂಬಶ್ರೀ ಘಟಕಗಳಲ್ಲಿ ತಯಾರಾಗುವ ಈ ಪುಡಿಯಲ್ಲಿ ಗೋಧಿ, ಸೋಯಾ, ಕಡಲೆ, ನೆಲಗಡಲೆ, ಸಕ್ಕರೆ ಇವೆ. ಇಸುಬು ಕಂಡ ಕೂಡಲೇ ಕೆಲವು ಮನೆಗಳಲ್ಲಿ ಮೊದಲು ನಿಲ್ಲಿಸುವುದು ಇದನ್ನೇ. ಪುಡಿ ತಿಂದು ಎರಡು ಗಂಟೆಯೊಳಗೆ ದದ್ದು, ವಾಂತಿ, ಊತ ಯಾವುದೂ ಬಾರದ ಮಗುವಿಗೆ ಅದನ್ನು ನಿಲ್ಲಿಸಲು ಕಾರಣವಿಲ್ಲ. ಬಂದಿದ್ದರೆ ಮಾತ್ರ ನಿಲ್ಲಿಸಿ, ಪೊಟ್ಟಣವನ್ನೇ ವೈದ್ಯರ ಬಳಿ ಒಯ್ಯಬೇಕು. ಅದರಲ್ಲಿರುವ ನಾಲ್ಕರಲ್ಲಿ ಯಾವುದು ತೊಂದರೆ ಕೊಟ್ಟಿತು ಎಂದು ಹುಡುಕಬೇಕಾಗುತ್ತದೆ.

ಸುಮ್ಮನೆ ಆಹಾರ ನಿಲ್ಲಿಸುವುದರಲ್ಲಿ ಎರಡು ಅಪಾಯಗಳಿವೆ. ಒಂದು ಎಲ್ಲರಿಗೂ ಕಾಣುವಂಥದ್ದು: ಹಾಲು, ಮೊಟ್ಟೆ, ಮೀನು, ಕಾಳು ಎಲ್ಲ ಬಿಟ್ಟ ಮಗು ಗಂಜಿ ಬಾಳೆಹಣ್ಣಿನಲ್ಲಿ ಬೆಳೆಯುವುದಿಲ್ಲ. ತೂಕ ನಿಲ್ಲುತ್ತದೆ, ಎಲುಬು ಮೆತ್ತಗಾಗುತ್ತದೆ. ಇನ್ನೊಂದು ಕಾಣದ್ದು. ಇಸುಬಿನ ಮಗು ಆರಾಮವಾಗಿ ತಿನ್ನುತ್ತಿದ್ದ ಆಹಾರವನ್ನು ತಿಂಗಳುಗಟ್ಟಲೆ ತಪ್ಪಿಸಿ ಮತ್ತೆ ಕೊಟ್ಟಾಗ, ಹಿಂದೆ ಇಲ್ಲದ ತೀವ್ರ ಅಲರ್ಜಿ ಮೊದಲ ಬಾರಿಗೆ ಕಾಣಿಸಿಕೊಂಡ ಉದಾಹರಣೆಗಳಿವೆ. ಹಾಗಾಗಿ ತಿನ್ನುತ್ತಿರುವುದನ್ನು ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಬೇಕು. ತೀವ್ರ ಇಸುಬಿದ್ದು ಇನ್ನೂ ನೆಲಗಡಲೆ, ಮೊಟ್ಟೆ ರುಚಿ ನೋಡದ ಮಗುವಿಗೆ ಶುರು ಮಾಡುವ ಮೊದಲೂ ಕೇಳಬೇಕು. ಕೊಡುವುದಾದರೆ ನೆಲಗಡಲೆಯನ್ನು ನುಣ್ಣಗೆ ಪುಡಿ ಮಾಡಿ ರಾಗಿ ಮಣ್ಣಿಯಲ್ಲೋ ಗಂಜಿಯಲ್ಲೋ ಕಲಸಿ ಕೊಡಬೇಕು. ಇಡೀ ಬೀಜ ಪುಟ್ಟ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಲೂಡಿಸುವ ತಾಯಿ ಎಲ್ಲವನ್ನೂ ತಿನ್ನಬಹುದು, ವೈದ್ಯರು ನಿರ್ದಿಷ್ಟವಾಗಿ ಬೇಡವೆಂದ ವಸ್ತುವೊಂದಿದ್ದರೆ ಅದನ್ನುಳಿದು.

ಪಟ್ಟಣದ ಪ್ರಯೋಗಾಲಯಗಳಲ್ಲಿ ಈಗ ಒಂದೇ ರಕ್ತದ ಹನಿಯಲ್ಲಿ ನೂರು ಆಹಾರಗಳ ಅಲರ್ಜಿ ಪರೀಕ್ಷೆ ಎಂಬ ಜಾಹೀರಾತು ಕಾಣುತ್ತದೆ. ಇಸುಬಿನ ಮಕ್ಕಳ ರಕ್ತದಲ್ಲಿ ಐಜಿಇ ಎಂಬ ಅಂಶ ಸಹಜವಾಗಿಯೇ ಏರಿರುತ್ತದೆ. ಪರೀಕ್ಷೆ ಮಾಡಿದರೆ ಅಕ್ಕಿ, ಗೋಧಿ, ಬದನೆ ಎಲ್ಲದಕ್ಕೂ "ಪಾಸಿಟಿವ್" ಬಂದು ಮಗು ಉಪವಾಸ ಬೀಳಬೇಕಾದೀತು. ಐಜಿಜಿ ಎಂಬ ಇನ್ನೊಂದು ಪರೀಕ್ಷೆಯಂತೂ ಅಲರ್ಜಿ ಪತ್ತೆಗೆ ಉಪಯೋಗವೇ ಇಲ್ಲ, ಆ ದುಡ್ಡಿಗೆ ಎರಡು ತಿಂಗಳ ಮುಲಾಮು ಬರುತ್ತದೆ. ತಿಂದ ಕೂಡಲೇ ಏನಾಯಿತು ಎಂಬ ವಿವರದ ಆಧಾರದಲ್ಲಿ ಒಂದೆರಡು ಆಹಾರಕ್ಕಷ್ಟೇ ಪರೀಕ್ಷೆ ಮಾಡಿಸುವುದು ಸರಿಯಾದ ಕ್ರಮ.

ಟ್ಯೂಬಿನ ಮೇಲೆ ಏನು ಬರೆದಿದೆ?

ಕ್ರೀಮಿನಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ಮದ್ದಲ್ಲ, ಜೊತೆಗಾರರು. ಸುವಾಸನೆ, ಕೆಡದಂತೆ ಇಡುವ ರಾಸಾಯನಿಕ, ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್, ಪ್ರೊಪಿಲೀನ್ ಗ್ಲೈಕಾಲ್, ಗಾಯದ ಮುಲಾಮುಗಳಲ್ಲಿರುವ ನಿಯೊಮೈಸಿನ್ ಇವು ಪ್ರಸಿದ್ಧರು. ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕವೊಂದಿದೆ. ಒದ್ದೆ ಟಿಶ್ಯೂ, ಲೋಷನ್‌ಗಳಲ್ಲಿ ಬಳಸುತ್ತಿದ್ದ ಇದರಿಂದ ಎಷ್ಟು ಮಂದಿಗೆ ಅಲರ್ಜಿಯಾಯಿತೆಂದರೆ ಐರೋಪ್ಯ ಒಕ್ಕೂಟವು ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು 2017ರಲ್ಲಿ ನಿಷೇಧಿಸಿತು.

ಭಾರತದಲ್ಲಿ ಸೌಂದರ್ಯವರ್ಧಕಗಳ ಮೇಲೆ ಘಟಕಗಳ ಪಟ್ಟಿ ಇರಲೇಬೇಕು. ಅಕ್ಷರ ಇರುವೆಯಷ್ಟು, ಭಾಷೆ ಇಂಗ್ಲಿಷು, ಕೆಲವು ಹೆಸರು ಲ್ಯಾಟಿನ್ನು. ಮನೆಯ ಹೈಸ್ಕೂಲು ಮಕ್ಕಳಿಂದ ಓದಿಸಬಹುದು. "ಅರಾಕಿಸ್" ಎಂದರೆ ನೆಲಗಡಲೆ. "ಪ್ರುನಸ್ ಅಮಿಗ್ಡಾಲಸ್ ಡಲ್ಸಿಸ್" ಬಾದಾಮಿ. "ಟ್ರಿಟಿಕಮ್" ಗೋಧಿ, "ಸೆಸಮಮ್" ಎಳ್ಳು, "ಅವೇನಾ" ಓಟ್ಸ್, "ಕೇಸೀನ್" ಮತ್ತು "ಲ್ಯಾಕ್ಟಿಸ್" ಹಾಲಿನವು. "ಪರ್ಫ್ಯೂಮ್" ಅಥವಾ "ಫ್ರಾಗ್ರೆನ್ಸ್" ಎಂದಿದ್ದರೆ ಇಸುಬಿನ ಮಗುವಿಗೆ ಬೇಡ. "ಹೈಪೋಅಲರ್ಜೆನಿಕ್", "ಬೇಬಿ", "ನ್ಯಾಚುರಲ್", "ಹರ್ಬಲ್" ಎಂಬ ಮಾತುಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಹೊಲಗೇರು ಕೂಡ ನ್ಯಾಚುರಲ್ಲೇ ಅಲ್ಲವೇ!

ತೈಲಗಳ ವಿಷಯದಲ್ಲಿ ಗಡಿನಾಡಿನವರಿಗೆ ಒಂದು ಸುಳಿವು. ಆಯುರ್ವೇದದ ಎಣ್ಣೆಯ ಹೆಸರಿನ ಕೊನೆಗೆ "ಕೇರ" ಎಂದಿದ್ದರೆ ತೆಂಗಿನೆಣ್ಣೆಯದ್ದು, ಬರಿಯ "ತೈಲ" ಎಂದಿದ್ದರೆ ಸಾಮಾನ್ಯವಾಗಿ ಎಳ್ಳೆಣ್ಣೆಯದ್ದು. ಎಳ್ಳಿನ ಅಲರ್ಜಿ ಇರುವ ಮಗುವಿಗೆ ಈ ವ್ಯತ್ಯಾಸ ದೊಡ್ಡದು. ಏಲಾದಿಯಂಥವುಗಳಲ್ಲಿ ಏಲಕ್ಕಿ, ದಾಲ್ಚಿನ್ನಿ ಮುಂತಾದ ಸುವಾಸನೆಯ ವಸ್ತುಗಳಿವೆ. ಪರಿಮಳ ಗಿಡದಿಂದ ಬಂದರೂ ಬಾಟಲಿಯಿಂದ ಬಂದರೂ ಒಡೆದ ಚರ್ಮಕ್ಕೆ ಒಂದೇ. ಕೇಪುಳ ಹೂ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಇಲ್ಲಿ ಎರಡೂ ಭಾಷೆಯ ಮನೆಗಳಲ್ಲಿ ಹಚ್ಚುತ್ತಾರೆ. ಅದರಲ್ಲಿ ಹೂವಿನ ಪಾಲೆಷ್ಟೋ, ಎಣ್ಣೆಯ ಪಾಲಂತೂ ಇದೆ. ಬರಿಯ ಶುದ್ಧ ತೆಂಗಿನೆಣ್ಣೆ ಸೌಮ್ಯ ಇಸುಬಿನ ಮಕ್ಕಳಲ್ಲಿ ಖನಿಜ ಎಣ್ಣೆಗಿಂತ ಒಳ್ಳೆಯ ಕೆಲಸ ಮಾಡಿತೆಂದು ಫಿಲಿಪ್ಪೀನ್ಸ್‌ನಲ್ಲಿ ನಡೆದ ಪ್ರಯೋಗವೊಂದು ಹೇಳಿದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಮಾತ್ರ ಬೇಡ, ಅವು ಚರ್ಮದ ಗೋಡೆಯನ್ನು ಇನ್ನಷ್ಟು ಸಡಿಲಿಸುತ್ತವೆ.

ಹೊಸ ಕ್ರೀಮು ತಂದರೆ ಮೈಯೆಲ್ಲ ಹಚ್ಚುವ ಮೊದಲು ಮೊಣಕೈಯ ಒಳಭಾಗದಲ್ಲಿ, ಚರ್ಮ ಚೆನ್ನಾಗಿರುವ ಕಡೆ, ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ ಒಂದು ವಾರ ಹಚ್ಚಿ ನೋಡಬಹುದು. ಕೆಂಪಾಗಿ ತುರಿಸಿದರೆ ಅದು ಆ ಮಗುವಿನದ್ದಲ್ಲ. ಹಚ್ಚಿದ ಕ್ಷಣ ಉರಿದು ಹತ್ತು ನಿಮಿಷದಲ್ಲಿ ಶಾಂತವಾದರೆ ಅದು ಹೆಚ್ಚಾಗಿ ಅಲರ್ಜಿಯಲ್ಲ, ಒಡೆದ ಚರ್ಮದ ಉರಿ. ಸರಿಯಾಗಿ ಮದ್ದು ಹಚ್ಚಿಯೂ ಗುಣವಾಗದೆ ಇದ್ದರೆ ಚರ್ಮತಜ್ಞರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು ಎರಡು ದಿನದ ನಂತರ ತೆಗೆದು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಅಂದರೆ ಮಂಗಳೂರಿಗೆ ಒಂದೇ ವಾರದಲ್ಲಿ ಮೂರು ಸಲ ಹೋಗಲು ತಯಾರಿರಬೇಕು. ಆಹಾರಕ್ಕೆ ಈ ರೀತಿ ಮನೆಯಲ್ಲಿ ಪರೀಕ್ಷೆ ಮಾಡಲೇಬಾರದು.

ಹಚ್ಚುವುದು ಹೇಗೆ

ಇಸುಬಿನ ಚಿಕಿತ್ಸೆಯಲ್ಲಿ ಮುಕ್ಕಾಲು ಪಾಲು ತೇವ ಉಳಿಸುವುದೇ. ಹದ ಬೆಚ್ಚಗಿನ ನೀರಲ್ಲಿ ಐದು ಹತ್ತು ನಿಮಿಷ ಮೀಯಿಸಿ, ಬೈರಾಸಿನಲ್ಲಿ ಉಜ್ಜದೆ ಒತ್ತಿ ಒರಸಿ, ಮೈ ಇನ್ನೂ ಪಸೆಯಿರುವಾಗಲೇ ಮುಲಾಮು ಹಚ್ಚಬೇಕು. ದುಬಾರಿ ಕ್ರೀಮೇ ಆಗಬೇಕೆಂದಿಲ್ಲ. ಸುವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯಲ್ಲಿ ಅಲರ್ಜಿ ತರುವಂಥದ್ದು ಏನೂ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಯೂ ಕಡಿಮೆ. ಕರಾವಳಿಯ ಬೇಸಿಗೆಯಲ್ಲಿ ಅದು ಬೆವರು ತಡೆದು ತುರಿಸಿದರೆ ತೆಳು ಕ್ರೀಮಿಗೆ ಬದಲಾಯಿಸಬಹುದು. ಪ್ರಮಾಣ ಮಾತ್ರ ಧಾರಾಳ ಇರಲಿ. ಮೈಯೆಲ್ಲ ಇಸುಬಿರುವ ಮಗುವಿಗೆ ವಾರಕ್ಕೆ 250 ಗ್ರಾಂನಿಂದ 500 ಗ್ರಾಂವರೆಗೆ ಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ 50 ಗ್ರಾಂ ಟ್ಯೂಬು ಎರಡು ತಿಂಗಳು ಬರುತ್ತದೆ!

ಸ್ಟಿರಾಯ್ಡ್ ಮುಲಾಮಿನ ವಿಷಯದಲ್ಲಿ ನಮ್ಮವರು ಎರಡು ಪಂಗಡ. ಒಂದು ಪಂಗಡ ಹೆಸರು ಕೇಳಿಯೇ ಹೆದರಿ, ವೈದ್ಯರು ಕೊಟ್ಟದ್ದನ್ನೂ ಹಚ್ಚುವುದಿಲ್ಲ. ಇನ್ನೊಂದು ಪಂಗಡ ಅಂಗಡಿಯಿಂದ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚುತ್ತದೆ. ಎರಡರಿಂದಲೂ ಮಗುವಿಗೆ ನಷ್ಟ. ಮುಖಕ್ಕೆ ಸೌಮ್ಯವಾದದ್ದು, ಮೈಗೆ ಸ್ವಲ್ಪ ಬಲವಾದದ್ದು, ಇಂತಿಷ್ಟು ದಿನ ಎಂದು ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದು ಸುರಕ್ಷಿತ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಆದರೆ ಸ್ಟಿರಾಯ್ಡ್, ಫಂಗಸ್ ಮದ್ದು, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬುಗಳು ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತವೆ. ಹಚ್ಚಿದ ಎರಡೇ ದಿನದಲ್ಲಿ ಕೆನ್ನೆ ಹಾಲಿನಂತಾಗುತ್ತದೆ, ಬಿಟ್ಟರೆ ಎರಡು ಪಟ್ಟಾಗಿ ಮರಳುತ್ತದೆ. ಕೊನೆಗೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿಯಮ ಬಿಗಿಗೊಳಿಸಿತು. ಅಂಗಡಿಯಲ್ಲಿ ನಿಯಮ ಎಷ್ಟು ನಡೆಯುತ್ತದೆ ಎನ್ನುವುದು ಓದುಗರಿಗೇ ಗೊತ್ತು. ಹೆಸರೇ ಇಲ್ಲದ ಡಬ್ಬಿಯ ಕ್ರೀಮುಗಳು ಇನ್ನೂ ಕೆಟ್ಟವು. ಬಿಳುಪಿನ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡದ್ದು 2023ರಲ್ಲಿ ಮಲಪ್ಪುರಂ ಜಿಲ್ಲೆಯಿಂದ ವರದಿಯಾಗಿತ್ತು.

ಉಗುರು ಚಿಕ್ಕದಾಗಿರಲಿ, ಬಟ್ಟೆ ಹತ್ತಿಯದಿರಲಿ, ಸೋಪಿನ ಪುಡಿ ಹೋಗುವಂತೆ ಇನ್ನೊಂದು ನೀರು ಹೆಚ್ಚಿಗೆ ಜಾಲಾಡಲಿ. ಇಸುಬಿನ ಮೇಲೆ ಹಳದಿ ಹಕ್ಕಳೆ ಕಟ್ಟಿ ಕೀವಾದರೆ ರೋಗಾಣು ಸೇರಿದೆ ಎಂದರ್ಥ. ಜ್ವರದೊಂದಿಗೆ ಒಂದೇ ಗಾತ್ರದ, ಕೊರೆದಂತೆ ಕಾಣುವ ಸಣ್ಣ ಸಣ್ಣ ಹುಣ್ಣುಗಳು ಗುಂಪಾಗಿ ಎದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕು ಇರಬಹುದು. ಅದಕ್ಕೆ ನಾಳೆ ನೋಡೋಣ ಎನ್ನುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

"ಕಡಲೆ" ಎಂದರೆ ಯಾವುದು?

ಎರಡು ಭಾಷೆಯ ನಾಡಿನಲ್ಲಿ ಅಲರ್ಜಿಗೆ ಇನ್ನೊಂದು ತೊಡಕಿದೆ, ಹೆಸರಿನದ್ದು. "ಮಗುವಿಗೆ ಕಡಲೆ ಆಗುವುದಿಲ್ಲ" ಎಂದು ತಾಯಿ ಹೇಳುತ್ತಾಳೆ. ಮಲಯಾಳಿ ನರ್ಸಿಗೆ ಕಡಲ ಎಂದರೆ ಪುಟ್ಟಿನ ಜೊತೆ ತಿನ್ನುವ ಕರಿಯ ಕಡಲೆ. ಮೈಸೂರು ಕಡೆಯಿಂದ ಬಂದ ವೈದ್ಯರಿಗೆ ಕಡ್ಲೆಕಾಯಿ ಎಂದರೆ ನೆಲಗಡಲೆ. ತಾಳವಾಡಿ, ಹೊಸೂರಿನ ಕಡೆ ತಮಿಳಿನಲ್ಲಿ ಕಡಲೈ ಎಂದರೆ ಹೆಚ್ಚಾಗಿ ನೆಲಗಡಲೆಯೇ, ಆದರೆ ಕಡಲೈ ಮಾವು ಎಂದರೆ ಬೋಂಡದ ಹಿಟ್ಟು! ಹಾಗಾಗಿ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ನೆಲಗಡಲೆಗೆ ಮಲಯಾಳದಲ್ಲಿ ನಿಲಕ್ಕಡಲ ಅಥವಾ ಕಪ್ಪಲಂಡಿ, ಗೇರುಬೀಜಕ್ಕೆ ಕಶುವಂಡಿ ಅಥವಾ ಅಂಡಿಪ್ಪರಿಪ್ಪು, ಸಿಗಡಿಗೆ ಚೆಮ್ಮೀನ್, ಎಳ್ಳೆಣ್ಣೆಗೆ ನಲ್ಲೆಣ್ಣ.

ಪೊಟ್ಟಣದ ತಿಂಡಿಗಳ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಗೋಧಿಯಂಥ ಗ್ಲುಟೆನ್ ಧಾನ್ಯ, ಸಿಗಡಿ ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ನೆಲಗಡಲೆ, ಗೇರು ಬಾದಾಮಿಯಂಥ ಬೀಜ, ಸೋಯಾ ಮತ್ತು ಸಲ್ಫೈಟ್ ಇದ್ದರೆ "ಕಂಟೇನ್ಸ್" ಎಂದು ಪ್ರತ್ಯೇಕವಾಗಿ ಬರೆಯಬೇಕು. ಎಳ್ಳು, ಸಾಸಿವೆ, ಕಡಲೆಹಿಟ್ಟು ಈ ಪಟ್ಟಿಯಲ್ಲಿ ಇಲ್ಲ. ಅವುಗಳನ್ನು ಘಟಕಗಳ ಸಾಲಿನಲ್ಲೇ ಹುಡುಕಬೇಕು. ಬೇಕರಿಯ ಬಿಡಿ ತಿಂಡಿಗೆ, ಜಾತ್ರೆಯ ಮಿಠಾಯಿಗೆ ಪಟ್ಟಿಯೇ ಇರುವುದಿಲ್ಲ.

ನಿಜವಾದ ಆಹಾರ ಅಲರ್ಜಿ ಇರುವ ಮಗುವಿಗೆ ಉಬ್ಬಸ, ಗಂಟಲು ಬಿಗಿಯುವುದು, ದನಿ ಬದಲಾಗುವುದು, ಮಂಕು ಕವಿಯುವುದು, ದದ್ದಿನ ಜೊತೆ ಮತ್ತೆ ಮತ್ತೆ ವಾಂತಿ ಇವು ಕಂಡರೆ ತುರಿಕೆಯ ಮಾತ್ರೆ ಕೊಟ್ಟು ಕಾಯಬಾರದು. ಬೇಕಾಗಿರುವುದು ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಗೆ. ಬೆಲೆಯಲ್ಲಿ ಅಗ್ಗದ, ಹಳೆಯ ಮದ್ದು ಅದು. ದೊಡ್ಡ ಆಸ್ಪತ್ರೆಯೇ ಬೇಕೆಂದು ಹತ್ತಿರದ ಆಸ್ಪತ್ರೆಯನ್ನು ದಾಟಿಕೊಂಡು ಮಂಗಳೂರಿಗೆ ಓಡುವುದು ಬೇಡ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ರೋಗಿಗಳಿಗೆ ಏನಾಯಿತೆಂದು ಇಲ್ಲಿನವರು ಮರೆತಿಲ್ಲ. ಗಡಿ ತೆರೆದಿದ್ದರೂ ಅಷ್ಟು ದೂರ ಹೋಗುವ ಸಮಯ ಈ ತೊಂದರೆಯಲ್ಲಿ ಇರುವುದಿಲ್ಲ. ಮೊದಲ ಚುಚ್ಚುಮದ್ದು ಸಮೀಪದಲ್ಲೇ ಆಗಬೇಕು, ಅನಂತರ 108 ಆಂಬುಲೆನ್ಸ್. ದಾರಿಯಲ್ಲಿ ಮಗುವನ್ನು ಮಲಗಿಸಬೇಕು, ಉಸಿರಿನ ಕಷ್ಟವಿದ್ದರೆ ಕುಳ್ಳಿರಿಸಬೇಕು, ಎಬ್ಬಿಸಿ ನಡೆಸಬಾರದು.

ಒಂದು ಪುಟದ ಕಾಗದದಲ್ಲಿ ಮಗುವಿನ ಹೆಸರು, ತೂಕ, ಆಗದ ಆಹಾರ, ಆಗದ ಕ್ರೀಮಿನ ಘಟಕ, ಹಿಂದೆ ಏನಾಗಿತ್ತು ಎಂಬುದನ್ನು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಬರೆದು ಮೂರು ಪ್ರತಿ ಮಾಡಿಸಿದರೆ ಒಂದು ಅಂಗನವಾಡಿಗೆ, ಒಂದು ಅಜ್ಜಿಮನೆಗೆ, ಒಂದು ತಾಯಿಯ ಚೀಲಕ್ಕೆ. ಮೊಟ್ಟೆ, ಹಾಲಿನ ಅಲರ್ಜಿ ಬಹಳಷ್ಟು ಮಕ್ಕಳಲ್ಲಿ ಪ್ರಾಯ ಬಂದಂತೆ ಹೋಗುತ್ತದೆ, ನೆಲಗಡಲೆ ಮತ್ತು ಗೇರುಬೀಜದ್ದು ಹೋಗುವುದು ಕಡಿಮೆ. ಆದ್ದರಿಂದ ವರ್ಷಕ್ಕೊಮ್ಮೆ ವೈದ್ಯರ ಬಳಿ ಹೋಗಿ, ಆ ಕಾಗದದಲ್ಲಿ ಯಾವ ಹೆಸರನ್ನು ಹೊಡೆದುಹಾಕಬಹುದು ಎಂದು ಕೇಳಬೇಕು.